ಹಳೆ ಲ್ಯಾಂಡ್‌ಲೈನ್ ತಂತಿ ಬಿಚ್ಚದೆ ಇಂಟರ್‌ನೆಟ್ ಫೋನ್ ಡಬ್ಬಿ ಸಿಕ್ಕಿಸಬೇಡಿ

ಮನೆಗೆ ಫೈಬರ್ ಹಾಕಿಸಿಕೊಂಡು ಫೋನನ್ನೂ ಅದರ ಮೇಲೆಯೇ ಓಡಿಸೋಣ ಅಂತಿರುವವರು ಇದನ್ನು ಓದಿ ಆಮೇಲೆ ಕೈ ಹಾಕಿ. ನನ್ನ ಹೊಸ ಫೋನ್ ಅಡಾಪ್ಟರ್, ಅಂದರೆ ಮಾಮೂಲಿ ಫೋನನ್ನು ಇಂಟರ್‌ನೆಟ್ ಮೇಲೆ ಓಡಿಸುವ ಡಬ್ಬಿ, ಒಂದೇ ದಿನಕ್ಕೆ ಸುಟ್ಟುಹೋಯಿತು. ತಪ್ಪು ನನ್ನದೇ.

ನಮ್ಮದು ದಾವಣಗೆರೆಯ ವಿನೋಬನಗರದಲ್ಲಿ ಹಳೆ ಮನೆ. ಅಪ್ಪ ಮಿಲ್ಲಿನಲ್ಲಿದ್ದಾಗ ಹಾಕಿಸಿದ 08192 ನಂಬರ್ ಇನ್ನೂ ಇದೆ. ಹಾಲಿನಲ್ಲೊಂದು ಫೋನ್, ಮಹಡಿಯಲ್ಲೊಂದು. "ಹೊಸದು ಸರಿಹೋಗ್ಲಿ, ಆಮೇಲೆ ಹಳೇದು ಸರೆಂಡರ್ ಮಾಡು" ಅಂದರು ಅಪ್ಪ. ನನಗೂ ಸರಿ ಅನ್ನಿಸಿತು.

ರೂಟರಿಗೆ ಅಡಾಪ್ಟರ್ ಜೋಡಿಸಲು ಹತ್ತು ನಿಮಿಷ ಸಾಕಾಯಿತು. ಅದಕ್ಕೇ ನೇರವಾಗಿ ಫೋನ್ ಸಿಕ್ಕಿಸಿದೆ, ಡಯಲ್ ಟೋನ್ ಬಂತು. ಅಲ್ಲಿಗೆ ಸುಮ್ನೆ ಕೂರಬೇಕಿತ್ತು. ಮಹಡಿ ಫೋನೂ ರಿಂಗ್ ಆಗಲಿ ಅನ್ನೋ ಆಸೆಗೆ ಅಡಾಪ್ಟರಿನಿಂದ ಒಂದು ವೈರ್ ಎಳೆದು ಗೋಡೆಯ ಹಳೆ ಸಾಕೆಟ್ಟಿಗೆ ಚುಚ್ಚಿದೆ, ಮನೆಯೊಳಗಿನ ಹಳೆ ವೈರಿಂಗನ್ನೇ ಬಳಸಿಕೊಂಡರೆ ಆಯ್ತಲ್ವಾ ಅಂತ.

ಮಧ್ಯಾಹ್ನ ಹರಿಹರದಿಂದ ಅಪ್ಪನ ಗೆಳೆಯರೊಬ್ಬರು ಹಳೆ ನಂಬರಿಗೆ ಫೋನ್ ಮಾಡಿದರು. ಅರ್ಧ ರಿಂಗ್. ಚಿಟ್ ಅಂತ ಸದ್ದು. ಅಡಾಪ್ಟರಿನ ಹಸಿರು ದೀಪ ಆರಿತು. ಅಡುಗೆಮನೆಯಿಂದ ಅಮ್ಮ, "ಏನೋ ಅದು, ಪ್ಲಾಸ್ಟಿಕ್ ಸುಟ್ಟ ವಾಸ್ನೆ?"

ಹಳೆ ಲೈನಿನಲ್ಲಿ ಎಕ್ಸ್‌ಚೇಂಜಿನಿಂದ ಯಾವಾಗಲೂ 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಆಗುವಾಗ 75 ವೋಲ್ಟ್ ಆಸುಪಾಸಿನ ಎಸಿ ಬೇರೆ ಬರುತ್ತದೆ. ಅಡಾಪ್ಟರೂ ಒಂದು ಪುಟ್ಟ ಎಕ್ಸ್‌ಚೇಂಜ್ ಇದ್ದ ಹಾಗೆ, ಫೋನಿಗೆ ಕರೆಂಟ್ ಕೊಡುವುದು ಅದರ ಕೆಲಸ. ಎದುರಿನಿಂದ ಕರೆಂಟ್ ನುಗ್ಗಿದರೆ ತಡೆಯೋದಿಲ್ಲ. ಅಂಗಡಿಯವರು ಡಬ್ಬಿ ಮೂಸಿ ನೋಡಿ "ಸುಟ್ಟಿದ್ದಕ್ಕೆ ವಾರಂಟಿ ಇಲ್ಲ ಸಾರ್" ಅಂದರು.

ಕಂಬದಿಂದ ತಂತಿ ಬರುವ ಜಾಗದಲ್ಲಿ, ಗೇಟಿನ ಹತ್ತಿರ, ಒಂದು ಡಬ್ಬಿ ಇರುತ್ತದೆ. ಅಲ್ಲಿ ಆ ಎರಡು ತಂತಿ ಬಿಚ್ಚಿ ಮನೆಯೊಳಗಿನ ವೈರಿಂಗ್ ಪೂರ್ತಿ ಬೇರೆ ಮಾಡಿ, ಆಮೇಲೆ ಸಾಕೆಟ್ ಮುಟ್ಟಿ. ಲೈನ್ ಸತ್ತಿದೆ, ಟೋನ್ ಇಲ್ಲ ಅಂತ ನಂಬಬೇಡಿ. ಗೊತ್ತಿಲ್ಲದಿದ್ದರೆ ಲೈನ್‌ಮ್ಯಾನ್‌ಗೆ ಹೇಳಿ ಬಿಚ್ಚಿಸಿ.

ದುಡ್ಡು ಕೊಟ್ಟು ಎರಡನೇ ಅಡಾಪ್ಟರ್ ತಂದೆ. ಅದರದ್ದು ಇನ್ನೊಂದು ಕಥೆ. ನಾವು ಮಾತಾಡಿದ್ದು ಆ ಕಡೆಯವರಿಗೆ ಕೇಳುತ್ತಿತ್ತು, ಅವರದ್ದು ನಮಗಿಲ್ಲ. ಅಪ್ಪ ಎರಡು ದಿನ "ಹಲೋ, ಹಲೋ" ಅಂತಲೇ ಕೂಗಿದರು. ಫೈಬರ್‌ನವರ ಡಬ್ಬಿಯೂ ರೂಟರ್, ನಾನು ತಂದಿದ್ದೂ ರೂಟರ್, ಒಳಗೆ ಬರಬೇಕಾದ ದನಿ ಎರಡರ ನಡುವೆ ದಾರಿ ತಪ್ಪುತ್ತಿತ್ತು. ಅವರ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ (ಆಗ ಅದು ರೂಟರ್ ಕೆಲಸ ಬಿಟ್ಟು ಇಂಟರ್‌ನೆಟ್ಟನ್ನು ಹಾಗೇ ದಾಟಿಸುತ್ತದೆ), ನನ್ನ ರೂಟರಿನಲ್ಲಿ ಇಂಟರ್‌ನೆಟ್ ಕರೆಗಳ ವಿಳಾಸ ತಿದ್ದುವ ಎಸ್‌ಐಪಿ ಎಎಲ್‌ಜಿ ಅನ್ನೋ ಸೆಟ್ಟಿಂಗನ್ನು ಆಫ್ ಮಾಡಿದ ಮೇಲೆ ಸರಿಹೋಯಿತು.

ಕರೆಂಟ್ ಹೋದರೆ ಫೋನೂ ಹೋಗುತ್ತದೆ, ಅದಕ್ಕೆ ಸಣ್ಣ ಯುಪಿಎಸ್ ಇಡಿ. ಗೇಟಿನ ಹತ್ತಿರದ ತಂತಿ ತುದಿಗಳಿಗೆ ಟೇಪ್ ಸುತ್ತಿ "ಸೇರಿಸಬೇಡಿ" ಅಂತ ಚೀಟಿ ಅಂಟಿಸಿದ್ದೇನೆ, ಅಪ್ಪನಿಗೆ ಕಾಣೋ ಹಾಗೆ ದಪ್ಪ ಅಕ್ಷರದಲ್ಲಿ.