ಬ್ಯಾಟರಿ ಹೊಸದು, ಡೈನಮೋ ಹೊಸದು, ಕಾರಿನದು ಮಾತ್ರ ಹಳೇ ರಾಗ

ಹಳೇ ಮಾರುತಿ 800 ಇಟ್ಟುಕೊಂಡಿರುವವರೇ, ನನ್ನ ಹಾಗೆ ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಇಂಜಿನ್ ಅರ್ಥಿಂಗ್ ನೋಡಿ, ಅಂದರೆ ಇಂಜಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟು ವಾಪಸ್ ಹೋಗುವ ದಾರಿ.

ನನ್ನದು 2004ರ ಗಾಡಿ. ತೀರ್ಥಹಳ್ಳಿಯ ಮಳೆಯಲ್ಲಿ ಮನೆ ಮುಂದೆ ನೆನೆಯುತ್ತಾ ನಿಂತಿರುತ್ತದೆ. ಹೋದ ಮಳೆಗಾಲದಲ್ಲಿ ಸೆಲ್ಫ್ ಹೊಡೆದರೆ ಗೊರಗೊರ ಅಂತ ಎಳೆಯಲು ಶುರು ಮಾಡಿತು. ರಾತ್ರಿ ಹೆಡ್‌ಲೈಟ್ ಮಂಕು. ಗ್ಯಾರೇಜಿನವರು "ಬ್ಯಾಟರಿ ಹೋಗಿದೆ ಸಾರ್" ಅಂದರು. ಹಾಕಿಸಿದೆ. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. "ಹಂಗಾದ್ರೆ ಡೈನಮೋ" ಅಂದರು, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಅದನ್ನೂ ಹಾಕಿಸಿದೆ. ಎರಡೂ ಸೇರಿ ಒಂಬತ್ತು ಸಾವಿರ ಚಿಲ್ಲರೆ.

ದುಡ್ಡಿಗಿಂತ ಸಿಟ್ಟು ತರಿಸಿದ್ದು ಬೇರೆ. ಡೈನಮೋ ಚೆಕ್ ಮಾಡ್ತೀನಿ ಅಂತ ಅಲ್ಲಿನ ಹುಡುಗ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತ! ಕಾರ್ಬುರೇಟರ್ ಕಾಲದ ಚಾಳಿ. ಎಂಪಿಎಫ್‌ಐ ಗಾಡಿಯಲ್ಲಿ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಇಂಜಿನ್) ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಎಂ, ಅಂದರೆ ಆ ಕಂಪ್ಯೂಟರ್, ಸುಟ್ಟುಹೋಗಬಹುದು. ನನ್ನದು ಉಳಿದದ್ದು ಪುಣ್ಯ. ನಿಮ್ಮ ಗಾಡಿಗೆ ಯಾರಾದರೂ ಹಾಗೆ ಮಾಡಲು ಹೋದರೆ ಅಲ್ಲೇ ಕೈ ಹಿಡಿದು ನಿಲ್ಲಿಸಿ.

ಸುಳಿವು ಸಿಕ್ಕಿದ್ದು ಮೂಗಿಗೆ. ಒಂದು ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿ ಅಲ್ಲಿ ಇಲ್ಲಿ ಮುಟ್ಟಿದೆ. ಕ್ಲಚ್ ಕೇಬಲ್ ಚುರ್ ಅಂತು. ಕ್ಲಚ್ ಕೇಬಲ್ ಯಾಕೆ ಬಿಸಿಯಾಗಬೇಕು ಹೇಳಿ? ಸೆಲ್ಫ್ 100 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಇಂಜಿನ್ ಅರ್ಥಿಂಗ್ ಕೆಟ್ಟಿದ್ದರೆ ಆ ಕರೆಂಟು ಸಿಕ್ಕ ದಾರಿಯಲ್ಲಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಇಲ್ಲಿ ಕೇಬಲ್ಲೇ ದಾರಿಯಾಗಿತ್ತು.

ಮಲ್ಟಿಮೀಟರ್ ತಂದು 20 ವೋಲ್ಟ್ ಡಿಸಿಗೆ ಇಟ್ಟೆ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಅಂದರೆ ಕ್ಲ್ಯಾಂಪ್ ಮೇಲಲ್ಲ, ಸೀಸದ ಗೂಟದ ಮೇಲೆಯೇ. ಇನ್ನೊಂದು ಇಂಜಿನ್‌ನ ಜಿಡ್ಡಿಲ್ಲದ ಲೋಹಕ್ಕೆ. ನನ್ನವಳು ಸೆಲ್ಫ್ ಹೊಡೆದಳು. 0.2ರ ಆಸುಪಾಸು ಇರಬೇಕಾದದ್ದು 1.6! ಅಷ್ಟು ವೋಲ್ಟ್ ಅರ್ಥಿಂಗ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಇಂಜಿನ್ ಓಡುವಾಗ ಡೈನಮೋ ಹತ್ತಿರ 14.2 ಬರುತ್ತಿದ್ದರೂ ಬ್ಯಾಟರಿಗೆ ತಲುಪುತ್ತಿದ್ದದ್ದು 12.9.

ಗ್ಯಾರೇಜಿನಲ್ಲಿ ಈ ಅರ್ಥಿಂಗ್ ಪಟ್ಟಿಗೂ (ಈ ದಾರಿಯಲ್ಲಿರುವ, ಎಳೆಗಳಿಂದ ಹೆಣೆದ ತಂತಿಪಟ್ಟಿ) ಮೀಟರಿನ ಬಝರ್ ಹಿಡಿದಿದ್ದರು, ತಂತಿ ತುಂಡಾಗಿಲ್ಲದಿದ್ದರೆ ಕೂಗುವಂಥದ್ದು. ಕುಂಯ್ ಅಂತು, ಸರಿಯಿದೆ ಅಂದರು. ಒಂದೇ ಎಳೆ ಉಳಿದಿದ್ದರೂ ಬಝರ್ ಕೂಗುತ್ತದೆ ಸ್ವಾಮಿ. ಲೋಡ್ ಬಿದ್ದಾಗಲೇ ಬಣ್ಣ ಬಯಲಾಗೋದು.

ಪಟ್ಟಿ ಬಿಚ್ಚಿದೆ. ಹೊರಗೆ ಬರೀ ಎಣ್ಣೆ ಜಿಡ್ಡು. ಬಗ್ಗಿಸಿದ ತಕ್ಷಣ ಒಳಗಿಂದ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಬೋಲ್ಟ್ ಕೂರುವ ಜಾಗದಲ್ಲಿ ತುಕ್ಕು. ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿ, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಖರ್ಚು 220 ರೂಪಾಯಿ. ಈಗ ಮೀಟರ್ 0.15 ತೋರಿಸುತ್ತದೆ.

ಹಳೇ ಡೈನಮೋ ವಾಪಸ್ ಕೊಡಿ ಅಂತ ಗ್ಯಾರೇಜಿಗೆ ಹೋದೆ. ಗುಜರಿಗೆ ಹಾಕಿಬಿಟ್ಟರಂತೆ.