ಒಂದೇ ಹೆಸರು, ಬೇರೆ ಬೇರೆ ದೇಶದ ಬಾಟಲಿ: ಹಲವು ವರ್ಷ ಹೋಲಿಸಿ ಕುಡಿದವರ ವಿಮರ್ಶೆ

ನಮ್ಮ ಗುಂಪಿನ ನಾಲ್ವರೂ ಬೇರೆ ಬೇರೆ ದೇಶಗಳಲ್ಲಿ ಕೆಲಸ ಮಾಡುವವರು. ಅಪರೂಪಕ್ಕೆ ಒಂದೆಡೆ ಸೇರುವಾಗ ಪ್ರತಿಯೊಬ್ಬರೂ ತಾವಿರುವಲ್ಲಿ ಕೊಂಡ ಒಂದೇ ಹೆಸರಿನ ಕ್ರಾಫ್ಟ್ ಬಿಯರ್‌ಗಳನ್ನು (ರುಚಿಯ ವೈಶಿಷ್ಟ್ಯಕ್ಕೆ ಒತ್ತು ಕೊಟ್ಟು ತಯಾರಿಸುವ ಬಿಯರ್‌ಗಳನ್ನು) ಪೆಟ್ಟಿಗೆಯಲ್ಲಿ ಹೊತ್ತು ತರುವುದು ವರ್ಷಗಳಿಂದ ನಡೆದುಬಂದಿದೆ. ‘ಅಲ್ಲಿ ಸಿಗುವುದೇ ಅಸಲಿ, ಇಲ್ಲಿ ಸಿಗುವುದು ಬರೀ ನೀರು’ ಎಂಬ ವಾದ ಬಿಯರ್ ಕುಡಿಯುವವರ ನಡುವೆ ಎಂದೂ ಮುಗಿಯುವುದಿಲ್ಲ. ಅದನ್ನು ಲೋಟದಲ್ಲೇ ಇತ್ಯರ್ಥ ಮಾಡೋಣವೆಂದು ಹೊರಟವರು ನಾವು. ಇಷ್ಟು ಕಾಲ ಕುಡಿದು, ಬರೆದಿಟ್ಟು, ಜಗಳವಾಡಿದ ಮೇಲೆ ನನ್ನ ತೀರ್ಪು ಇಷ್ಟು: ರುಚಿಯ ವ್ಯತ್ಯಾಸದಲ್ಲಿ ದೇಶದ ಪಾಲು ಕಡಿಮೆ, ಬಾಟಲಿಯ ವಯಸ್ಸು ಮತ್ತು ಅದು ತಿಂದ ಬಿಸಿಯ ಪಾಲು ಹೆಚ್ಚು. ಸಮುದ್ರ ದಾಟಿ ಬಂದ ‘ಮೂಲ’ ಬಾಟಲಿಗಿಂತ ಮೂಲ ಕಂಪನಿಯ ಪರವಾನಗಿಯಡಿ ಹತ್ತಿರದಲ್ಲೇ ತಯಾರಿಸಿ ಮೊನ್ನೆ ಮೊನ್ನೆ ತುಂಬಿಸಿದ ಬಾಟಲಿ ಎಷ್ಟೋ ಸಲ ಮೇಲು.

ಹೋಲಿಸುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಲೇಬಲ್ ಕಣ್ಣಿಗೆ ಬಿದ್ದರೆ ನಾಲಿಗೆ ಅದು ಹೇಳಿದಂತೆಯೇ ಕೇಳುತ್ತದೆ. ಒಬ್ಬರು ಒಳಗೆ ಹೋಗಿ ಪ್ರತಿಯೊಬ್ಬರಿಗೂ ಮೂರು ಲೋಟ ತುಂಬಿ ತರುತ್ತಾರೆ. ಎರಡರಲ್ಲಿ ಒಂದು ದೇಶದ ಬಿಯರ್, ಮೂರನೆಯದರಲ್ಲಿ ಇನ್ನೊಂದು ದೇಶದ್ದು. ಗುರುತು ಲೋಟದ ಅಡಿಯಲ್ಲಿ. ಬೇರೆಯದು ಯಾವುದೆಂದು ಹೇಳಬೇಕು. ಇದು ನಮ್ಮ ಶೋಧನೆಯೇನಲ್ಲ, ಬ್ರೂವರಿಗಳ ರುಚಿ ಪರೀಕ್ಷಕರು ನಿತ್ಯ ಬಳಸುವ ತ್ರಿಕೋನ ಪರೀಕ್ಷೆ. ಊಹಿಸಿ ಹೇಳಿದರೂ ಮೂರಕ್ಕೊಂದು ಸಲ ಉತ್ತರ ಸರಿಯಾಗುತ್ತದೆ. ಆದ್ದರಿಂದ ಒಬ್ಬನ ಖಚಿತ ನುಡಿಗೆ ಬೆಲೆಯಿಲ್ಲ. ಕುಡಿಯುವ ಮೂವರೂ ಊಹೆಯಿಂದಲೇ ಸರಿ ಹೇಳುವ ಸಾಧ್ಯತೆ ಮಾತ್ರ 27ಕ್ಕೆ 1, ಅಂಥ ಫಲಿತಾಂಶವನ್ನು ನಾವು ನಂಬುತ್ತೇವೆ. ಎಲ್ಲ ಬಾಟಲಿಗಳೂ ಒಂದೇ ಫ್ರಿಜ್‌ನಲ್ಲಿ ಹಿಂದಿನ ದಿನದಿಂದ ಇರಬೇಕು, ಲೋಟಗಳು ಒಂದೇ ಬಗೆಯವಾಗಿರಬೇಕು, ಬಿಯರ್ ಸುಮಾರು 8ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಮಂಜಿನಂತೆ ತಣ್ಣಗಿದ್ದರೆ ಯಾವ ದೇಶದ್ದೂ ಒಂದೇ ರುಚಿ.

ತೊಡಕು ಶುರುವಾಗುವುದು ದಿನಾಂಕದಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ ಶೇ. 10ಕ್ಕಿಂತ ಕಡಿಮೆ ಆಲ್ಕೊಹಾಲ್ ಇರುವ ಪಾನೀಯದ ಮೇಲೆ ‘ಇಷ್ಟರೊಳಗೆ ಬಳಸಿದರೆ ಉತ್ತಮ’ ಎಂಬ ದಿನಾಂಕ ಇರಲೇಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಬಿಯರ್‌ಗೆ ಅಂಥ ಕಡ್ಡಾಯವಿಲ್ಲ. ಒಳ್ಳೆಯ ಬ್ರೂವರಿಗಳು ತಾವಾಗಿಯೇ ತುಂಬಿದ ದಿನಾಂಕವನ್ನು ಮುದ್ರಿಸುತ್ತವೆ. ಒಂದು ಕಡೆ ಹುಟ್ಟಿದ ದಿನ, ಇನ್ನೊಂದು ಕಡೆ ಸಾಯುವ ದಿನ, ಹೋಲಿಸುವುದು ಹೇಗೆ? ಬ್ರೂವರಿ ತನ್ನ ಬಿಯರ್‌ಗೆ ಎಷ್ಟು ತಿಂಗಳ ಆಯುಷ್ಯ ಕೊಟ್ಟಿದೆಯೆಂದು ತಿಳಿದು ಹಿಂದಕ್ಕೆ ಎಣಿಸಬೇಕು. ಅದೂ ಸಾಲದೆಂಬಂತೆ 04/05 ಎಂದಿದ್ದರೆ ಅಮೆರಿಕದ ಕ್ಯಾನ್‌ನಲ್ಲಿ ಏಪ್ರಿಲ್ 5, ಯುರೋಪಿನದರಲ್ಲಿ ಮೇ 4. ಕೆಲವು ಕ್ಯಾನ್‌ಗಳ ತಳದಲ್ಲಿ ವರ್ಷದ ಎಷ್ಟನೆಯ ದಿನ ಎಂಬ ಮೂರಂಕಿಯ ಸಂಕೇತ ಮಾತ್ರ ಇರುತ್ತದೆ; 032 ಎಂದರೆ ಫೆಬ್ರುವರಿ 1. ಇನ್ನು ಆಮದುದಾರ ತನ್ನ ಭಾಷೆಯ ಚೀಟಿಯನ್ನು ಸರಿಯಾಗಿ ಆ ದಿನಾಂಕದ ಮೇಲೆಯೇ ಅಂಟಿಸಿರುವುದೂ ಉಂಟು. ಅದನ್ನು ಉಗುರಿನಿಂದ ಕೆರೆದು ಕೆಳಗಿನ ಶಾಯಿಯನ್ನೂ ಅಳಿಸಿಹಾಕುವುದರಲ್ಲಿ ನಮ್ಮವನೊಬ್ಬ ಪರಿಣತ.

ವಯಸ್ಸು ಏಕೆ ಮುಖ್ಯವೆಂದರೆ, ಕಹಿಗೂ ಘಮಕ್ಕೂ ಹಾಕುವ ಹಾಪ್ಸ್ ಎಂಬ ಹೂವಿನ ಪರಿಮಳ ಬಿಯರ್‌ನಲ್ಲಿ ಎಲ್ಲಕ್ಕಿಂತ ಮೊದಲು ಹಾರಿಹೋಗುವ ಅಂಶ. ಮುಚ್ಚಳದೊಳಗಿನ ಪದರ ಒಂದಿಷ್ಟು ಪರಿಮಳವನ್ನು ಹೀರಿಕೊಳ್ಳುತ್ತದೆ, ನುಸುಳಿದ ಆಮ್ಲಜನಕ ಮಿಕ್ಕದ್ದನ್ನು ಕೆಡಿಸುತ್ತದೆ. ಕಹಿ ಮೊಂಡಾಗುತ್ತದೆ, ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ಜೇನಿನಂತೆ ಸಿಹಿಯಾಗುತ್ತದೆ, ಕೊನೆಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಈ ವಾಸನೆಗೆ ಕಾರಣವೆಂದು ಬ್ರೂವರಿಯವರು ಹೆಚ್ಚಾಗಿ ಹೆಸರಿಸುವುದು ಟ್ರಾನ್ಸ್-2-ನೊನೆನಾಲ್ ಎಂಬ ರಾಸಾಯನಿಕವನ್ನು. ಲೀಟರಿಗೆ ಸುಮಾರು 0.1 ಮೈಕ್ರೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಬಿಸಿ ಇದೆಲ್ಲದರ ವೇಗ ಹೆಚ್ಚಿಸುತ್ತದೆ. ಅಮೆರಿಕದ ಬಿಯರ್ ವಲಯದಲ್ಲಿ ‘3-30-300’ ಎಂಬ ಲೆಕ್ಕವಿದೆ: 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರರ ಹಾನಿಯೂ ಹೆಚ್ಚುಕಡಿಮೆ ಒಂದೇ. ಒರಟು ಲೆಕ್ಕವೇ ಸರಿ, ಆದರೂ ಬಿಸಿಲಿನ ಬಂದರಿನಲ್ಲಿ ವಾರಗಟ್ಟಲೆ ನಿಂತ ಕಂಟೇನರಿನ ಬಗ್ಗೆ ಯೋಚಿಸಿದರೆ ಎದೆ ಧಸಕ್ಕೆನ್ನುತ್ತದೆ.

ಒಂದು ಹೆಸರುವಾಸಿ ಮಬ್ಬು ಐಪಿಎಯನ್ನು (ಇಂಡಿಯಾ ಪೇಲ್ ಏಲ್, ಹಾಪ್ಸ್ ಹೆಚ್ಚಿರುವ ಬಿಯರ್ ಬಗೆ) ಎರಡು ದೇಶಗಳಿಂದ ತಂದಿದ್ದೆವು. ಹೆಸರು ಬೇಡ, ತಪ್ಪು ಅದನ್ನು ಮಾಡಿದವರದಲ್ಲ. ತುಂಬಿ ಮೂರು ವಾರವಾಗಿದ್ದ ಕ್ಯಾನ್ ತೆರೆದರೆ ಕಿತ್ತಳೆ ಸಿಪ್ಪೆಯ ಘಮ ಮೇಜಿನಾಚೆಗೂ ಬಂತು, ಬಣ್ಣ ಎಳೆ ಹಳದಿ. ಏಳು ತಿಂಗಳ ಕ್ಯಾನಿನಿಂದ ಸುರಿದದ್ದು ಕಂದು ಛಾಯೆಯ, ಮಂಕಾದ ದ್ರವ. ನೊರೆ ಚೆನ್ನಾಗಿಯೇ ನಿಂತಿತ್ತು, ಆದರೆ ಮೂಗು ಹತ್ತಿರ ಒಯ್ದರೆ ಸಕ್ಕರೆ ಪಾಕ, ಅದರ ಹಿಂದೆ ರಟ್ಟು. ಅಂದು ತ್ರಿಕೋನ ಪರೀಕ್ಷೆಯ ಅಗತ್ಯವೇ ಬೀಳಲಿಲ್ಲ, ಬಣ್ಣವೇ ಗುಟ್ಟು ಬಿಟ್ಟುಕೊಟ್ಟಿತ್ತು. ದಿನಾಂಕದ ಪ್ರಕಾರ ಅದಕ್ಕಿನ್ನೂ ಎರಡು ತಿಂಗಳ ಆಯುಷ್ಯವಿತ್ತು ಎಂಬುದನ್ನು ಗಮನಿಸಿ. ಮಬ್ಬು ಐಪಿಎಗಳನ್ನು ಈಗ ನಾವು ಹೊತ್ತು ತರುವುದಿಲ್ಲ. ಅವನ್ನು ಮಾಡಿದ ಊರಿನಲ್ಲೇ ಕುಡಿಯಬೇಕು, ಇಲ್ಲವೇ ಬಿಡಬೇಕು.

ಹಾಪ್ಸ್ ಬಿಯರ್‌ಗಳಲ್ಲಿ ಪ್ರಯಾಣವನ್ನು ಚೆನ್ನಾಗಿ ತಡೆದುಕೊಂಡದ್ದು ಸಿಯೆರಾ ನೆವಾಡಾ ಪೇಲ್ ಏಲ್. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೊ ಪಟ್ಟಣದಲ್ಲಿ ಹುಟ್ಟಿದ ಈ ಬಿಯರ್‌ನ ಜೀವಾಳ ಕ್ಯಾಸ್ಕೇಡ್ ಹಾಪ್ಸ್‌ನ ಇಡೀ ಹೂಗಳು. 2007ರಲ್ಲಿ ಅವರು ಕೈಯಿಂದ ತಿರುಗಿಸುವ ಮುಚ್ಚಳವನ್ನು ಬಿಟ್ಟು ಓಪನರ್ ಬೇಕಾಗುವ ಮುಚ್ಚಳಕ್ಕೆ ಬದಲಾದರು, ಗಾಳಿ ಒಳಹೋಗುವುದನ್ನು ತಗ್ಗಿಸಲೆಂದೇ. ಬಾಟಲಿಯೊಳಗೆ ಉಳಿಯುವ ಒಂದಿಷ್ಟು ಯೀಸ್ಟ್ ಕೂಡ ಆಮ್ಲಜನಕವನ್ನು ಕಬಳಿಸುತ್ತದೆ. ಯುರೋಪಿನಲ್ಲಿ ಕೊಂಡ ನಾಲ್ಕೈದು ತಿಂಗಳ ಬಾಟಲಿಯನ್ನು ಅಮೆರಿಕದಲ್ಲಿ ಕೊಂಡ ಹೊಸ ಬಾಟಲಿಯ ಜೊತೆಗಿಟ್ಟರೆ ಗ್ರೇಪ್‌ಫ್ರೂಟ್ ಎಂಬ ಚಕ್ಕೋತ ಜಾತಿಯ ಹಣ್ಣಿನಂಥ ಚುರುಕು ತುಸು ತಗ್ಗಿರುತ್ತದೆ, ಕ್ಯಾರಮೆಲ್ ತುಸು ಮುಂದೆ ಬಂದಿರುತ್ತದೆ. ನಮ್ಮಲ್ಲೊಬ್ಬಳಿಗೆ ಹಳೆಯದೇ ಇಷ್ಟ, ‘ಅದರಲ್ಲಿ ಜಗಳಗಂಟಿತನ ಇಲ್ಲ’ ಎನ್ನುತ್ತಾಳೆ. ನನಗೆ ಜಗಳಗಂಟಿಯೇ ಬೇಕು. ಇದೇ ಬಿಯರ್ 2014ರಿಂದ ಉತ್ತರ ಕ್ಯಾರೊಲೈನಾದ ಮಿಲ್ಸ್ ರಿವರ್‌ನಲ್ಲೂ ತಯಾರಾಗುತ್ತಿದೆ. ಚಿಕೊದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಳಲು ನಮಗೆ ಯಾರಿಗೂ ಆಗಲಿಲ್ಲ.

‘ನೀರು ಬೇರೆ, ಆದ್ದರಿಂದ ಬಿಯರ್ ಬೇರೆ’ ಎನ್ನುವವರಿಗೆ ಇದೇ ಉತ್ತರ. ಇಂದಿನ ದೊಡ್ಡ ಬ್ರೂವರಿ ನೀರಿನ ಲವಣಗಳನ್ನು ತೆಗೆದು, ಬೇಕಾದಷ್ಟನ್ನು ಮತ್ತೆ ಅಳೆದು ಸೇರಿಸುತ್ತದೆ. ಹಾಪ್ಸ್ ಅದೇ ಹೊಲದಿಂದ ಬರುತ್ತದೆ, ಯೀಸ್ಟ್ ಅದೇ ತಳಿಯದ್ದು. ಲಗುನಿಟಾಸ್ ಐಪಿಎಯನ್ನೇ ನೋಡಿ. ಕ್ಯಾಲಿಫೋರ್ನಿಯಾದ ಈ ಬ್ರೂವರಿಯ ಅರ್ಧ ಪಾಲನ್ನು 2015ರಲ್ಲಿ, ಉಳಿದದ್ದನ್ನು 2017ರಲ್ಲಿ ಹೈನೆಕೆನ್ ಕೊಂಡುಕೊಂಡಿತು; ಆ ಮೇಲೆ ಯುರೋಪಿಗೆ ಬೇಕಾದ ಐಪಿಎ ನೆದರ್ಲೆಂಡ್ಸ್‌ನಲ್ಲೇ ತಯಾರಾಗತೊಡಗಿತು. ‘ಡಚ್ಚರದ್ದು ನಕಲು’ ಎಂದು ನಮ್ಮ ಗುಂಪಿನಲ್ಲೂ ಮೂಗು ಮುರಿದವರಿದ್ದರು. ಎರಡೂ ಎರಡು ತಿಂಗಳೊಳಗಿನವು ಸಿಕ್ಕಿದಾಗ ಮೂರು ಲೋಟದ ಮುಂದೆ ಕೂರಿಸಿದೆವು. ಉತ್ತರಗಳು ಚೆಲ್ಲಾಪಿಲ್ಲಿ. ಮೂಗು ಮುರಿದವನೇ ಡಚ್ ಲೋಟವನ್ನು ಎತ್ತಿ ಹಿಡಿದು ‘ಇದು ಅಸಲಿ’ ಎಂದ. ಯುರೋಪಿನಲ್ಲಿರುವವರು ಅಮೆರಿಕದಲ್ಲಿ ತುಂಬಿದ ಬಾಟಲಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಇದಕ್ಕೆಲ್ಲ ಎದುರಾಗಿ ನಿಲ್ಲುವ ಬಿಯರ್ ಬೆಲ್ಜಿಯಂನ ಓರ್ವಾಲ್, ನನ್ನ ಮಟ್ಟಿಗೆ ಇಡೀ ಹೋಲಿಕೆಯ ರತ್ನ. ಓರ್ವಾಲ್ ಮಠದ ಆವರಣದ ಬ್ರೂವರಿ 1931ರಲ್ಲಿ ಆರಂಭವಾದದ್ದು; ಹೊರಗೆ ಸಿಗುವ ಬಿಯರ್ ಬಹುಮಟ್ಟಿಗೆ ಇದೊಂದೇ. ಯುರೋಪಿನಲ್ಲಿ ಕೊಂಡ ಬಾಟಲಿಯ ಮೇಲೆ ಆಲ್ಕೊಹಾಲ್ ಶೇ. 6.2 ಎಂದಿದೆ, ಅಮೆರಿಕದಲ್ಲಿ ಕೊಂಡದ್ದರ ಮೇಲೆ ಶೇ. 6.9. ಮೊದಲ ಸಲ ಎರಡನ್ನೂ ಪಕ್ಕಪಕ್ಕ ಇಟ್ಟಾಗ ರಫ್ತಿಗೆ ಬೇರೆಯೇ ಪಾಕ ಮಾಡುತ್ತಾರೆಂಬ ಗುಮಾನಿ ಬಂತು. ಹಾಗೇನಿಲ್ಲ. ಬಾಟಲಿ ತುಂಬುವಾಗ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟನ್ನು ಸೇರಿಸುತ್ತಾರೆ. ಸಾಮಾನ್ಯ ಯೀಸ್ಟ್ ಬಿಟ್ಟುಹೋದ ಸಕ್ಕರೆಯನ್ನು ಅದು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತ ಹೋಗುತ್ತದೆ, ಆಲ್ಕೊಹಾಲ್ ಏರುತ್ತದೆ. ಯುರೋಪಿನ ನಿಯಮದಲ್ಲಿ ಶೇ. 5.5ಕ್ಕಿಂತ ಗಟ್ಟಿಯಾದ ಬಿಯರ್‌ನ ಲೇಬಲ್ ಅಂಕಿಗೂ ನಿಜಕ್ಕೂ ಒಂದು ಶೇಕಡಾ ಅಂಶದಷ್ಟು ಅಂತರ ಇರಬಹುದು. ಅಮೆರಿಕದಲ್ಲಿ ಬಿಡುವ ಅಂತರ 0.3 ಮಾತ್ರ, ಅದಕ್ಕೇ ಅಲ್ಲಿ ಏರಿದ ಅಂಕಿ. ದ್ರವ ಒಂದೇ, ಅಂಕಿ ಎರಡು.

ಹೊಸ ಓರ್ವಾಲ್‌ನಲ್ಲಿ ಹಾಪ್ಸ್‌ನ ಹಸಿ ಕಹಿ, ಗಿಡಮೂಲಿಕೆಯ ಘಾಟು ಮುಂದೆ ನಿಲ್ಲುತ್ತದೆ. ವರ್ಷ ಕಳೆದರೆ ಆ ಜಾಗಕ್ಕೆ ಚರ್ಮ, ಒಣ ಹುಲ್ಲು, ಕುದುರೆ ಲಾಯವನ್ನು ನೆನಪಿಸುವ ವಾಸನೆ ಬಂದು ಕೂರುತ್ತದೆ. ಬಾಯಲ್ಲಿ ಬಿಯರ್ ಒಣಗಿ, ಗುಳ್ಳೆಗಳು ಚುಚ್ಚುತ್ತವೆ. ದೂರದ ದೇಶದ ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದ ಬಾಟಲಿ ಇಲ್ಲಿ ಗೆಲ್ಲುತ್ತದೆ. ಐಪಿಎಗೆ ಶಾಪವಾಗಿದ್ದ ಕಾಲ ಇದಕ್ಕೆ ವರ. ಮಠದವರು ತುಂಬಿದ ದಿನಾಂಕವನ್ನೂ ಐದು ವರ್ಷದಾಚೆಯ ಕೊನೆಯ ದಿನಾಂಕವನ್ನೂ ಎರಡನ್ನೂ ಲೇಬಲ್ ಮೇಲೆ ಕೊಡುತ್ತಾರೆ. ಉಳಿದ ಬ್ರೂವರಿಗಳಿಗೆ ಇಷ್ಟು ಸಣ್ಣ ಸೌಜನ್ಯ ಏಕೆ ಭಾರವಾಗುತ್ತದೋ ತಿಳಿಯದು. ಸುರಿಯುವಾಗ ಒಂದು ಎಚ್ಚರಿಕೆ: ತಳದಲ್ಲಿ ಗಸಿ ಇರುತ್ತದೆ. ವಿಮಾನದಲ್ಲಿ ಕುಲುಕಾಡಿ ಬಂದ ಬಾಟಲಿಯನ್ನು ಕೆಲವು ದಿನ ನೇರವಾಗಿ ನಿಲ್ಲಿಸದೆ ತೆರೆದರೆ ಹೋಲಿಕೆಗೆ ಅರ್ಥವಿಲ್ಲ, ಒಂದು ಲೋಟ ತಿಳಿ, ಇನ್ನೊಂದು ಬಗ್ಗಡ.

ದೇಶಕ್ಕೊಂದು ಪಾಕ ಇರುವ ಬಿಯರ್‌ಗಳೂ ನಿಜವಾಗಿ ಇವೆ. ಐರ್ಲೆಂಡಿನ ಕಪ್ಪು ಬಿಯರ್ (ಸ್ಟೌಟ್) ಗಿನ್ನೆಸ್‌ನ್ನು ಕ್ರಾಫ್ಟ್ ಎನ್ನಲಾಗದು, ಆದರೂ ಅಳತೆಗೋಲಿಗೆಂದು ತರಿಸುತ್ತೇವೆ. ‘ಎಕ್ಸ್‌ಟ್ರಾ ಸ್ಟೌಟ್’ ಎಂಬ ಒಂದೇ ಹೆಸರು ಅಮೆರಿಕದಲ್ಲಿ ಶೇ. 5.6, ಐರ್ಲೆಂಡಿನಲ್ಲಿ ಅದಕ್ಕಿಂತ ಒಂದು ಅಂಶಕ್ಕೂ ಹೆಚ್ಚು ಹಗುರ. ‘ಫಾರಿನ್ ಎಕ್ಸ್‌ಟ್ರಾ ಸ್ಟೌಟ್’ ಡಬ್ಲಿನ್‌ನಲ್ಲಿ ಶೇ. 7.5, ಮಲೇಷ್ಯಾದಲ್ಲಿ ಅದಕ್ಕಿಂತ ಹಗುರ. ನೈಜೀರಿಯಾದ್ದು ಡಬ್ಲಿನ್‌ನಷ್ಟೇ ಗಟ್ಟಿ, ಆದರೆ ಒಳಗೆ ಬಾರ್ಲಿಯ ಜೊತೆ ಜೋಳವಿದೆ. 1988ರಲ್ಲಿ ಅಲ್ಲಿನ ಸರ್ಕಾರ ಬಾರ್ಲಿ ಮಾಲ್ಟ್ ಆಮದನ್ನು ನಿಷೇಧಿಸಿದಾಗ ಬ್ರೂವರಿಗಳು ಸ್ಥಳೀಯ ಧಾನ್ಯಕ್ಕೆ ತಿರುಗಿದವು. ಹುರಿದ ಬಾರ್ಲಿಯ ಕಪ್ಪು ಸತ್ವ ಮಾತ್ರ ಇಂದಿಗೂ ಐರ್ಲೆಂಡಿನಿಂದ ಹೋಗುತ್ತದೆ. ಡಬ್ಲಿನ್ ಬಾಟಲಿ ಒಣ ಕಹಿಯದ್ದು, ಸುಟ್ಟ ರುಚಿಯದ್ದು. ನೈಜೀರಿಯಾದ್ದು ದುಂಡಗೆ, ಸಿಹಿಯ ಕಡೆಗೆ ವಾಲಿದ್ದು. ಕಣ್ಣು ಕಟ್ಟಿದರೂ ಮೂವರೂ ಪತ್ತೆ ಹಚ್ಚಿದ ಜೋಡಿ ಇದು.

ತೆರಿಗೆ ಮತ್ತು ಮಾರಾಟ ನಿಯಮಗಳೂ ಪಾಕಕ್ಕೆ ಕೈ ಹಾಕುತ್ತವೆ. ಸ್ವೀಡನ್ನಿನ ದಿನಸಿ ಅಂಗಡಿಯಲ್ಲಿ ಶೇ. 3.5ರವರೆಗಿನ ಬಿಯರ್ ಮಾತ್ರ ಮಾರಬಹುದು, ನಾರ್ವೆಯಲ್ಲಿ 4.7ರವರೆಗೆ, ಅದಕ್ಕಿಂತ ಗಟ್ಟಿಯಾದದ್ದು ಸರ್ಕಾರಿ ಮಳಿಗೆಯಲ್ಲಿ. ಹಾಗಾಗಿ ಅದೇ ಹೆಸರು, ಅದೇ ಚಿತ್ರ, ಮೂಲೆಯಲ್ಲಿ ಸಣ್ಣ ಅಂಕಿ ಬೇರೆ ಇರುವ ಕ್ಯಾನ್‌ಗಳು ಅಲ್ಲಿ ಸಿಗುತ್ತವೆ. ‘ಅಲ್ಲಿನದು ನೀರು’ ಎಂಬ ಮಾತಿಗೆ ಅರ್ಧ ಆಧಾರ ಇಲ್ಲಿದೆ. ಕೊಳ್ಳುವಾಗ ಅಂಕಿ ನೋಡಿ.

ಇನ್ನರ್ಧ ಆಧಾರ ಬಾಟಲಿಯ ಬಣ್ಣದಲ್ಲಿದೆ. ಹಸಿರು ಅಥವಾ ಬಿಳಿ ಗಾಜಿನೊಳಗಿನ ಬಿಯರ್ ಬೆಳಕಿಗೆ ಸಿಕ್ಕರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಸಂಯುಕ್ತವಾಗುತ್ತದೆ, ಸ್ಕಂಕ್ ಎಂಬ ಪ್ರಾಣಿ ಸಿಡಿಸುವ ದ್ರವದ ನಾತ ಬರುತ್ತದೆ. ಬಿಸಿಲಿನಲ್ಲಾದರೆ ಕೆಲವೇ ನಿಮಿಷ ಸಾಕು. ಕಂದು ಗಾಜು ಬಹುಪಾಲು ತಡೆಯುತ್ತದೆ, ಕ್ಯಾನ್ ಪೂರ್ತಿಯಾಗಿ. ದೇಶ ಯಾವುದಾದರೂ ಸರಿ, ಆಯ್ಕೆಯಿದ್ದರೆ ಕ್ಯಾನ್ ತೆಗೆದುಕೊಳ್ಳಿ; ತೂಕವೂ ಕಡಿಮೆ.

ಪ್ರವಾಸದಲ್ಲಿ ಕುಡಿದದ್ದನ್ನು ಮನೆಯ ಬಾಟಲಿಗೆ ಹೋಲಿಸಿ ಕೊರಗುವವರಿಗೆ ಒಂದು ಮಾತು. ಪಿಲ್ಸ್ನರ್ ಉರ್ಕ್ವೆಲ್‌ಅನ್ನು ಚೆಕ್ ದೇಶದ ಎಷ್ಟೋ ಪಬ್‌ಗಳಲ್ಲಿ ಪಾಶ್ಚರೀಕರಿಸದೆ ನೇರ ಟ್ಯಾಂಕಿನಿಂದ ಸುರಿಯುತ್ತಾರೆ. ರಫ್ತಾಗುವ ಬಾಟಲಿ ಪಾಶ್ಚರೀಕರಣಗೊಂಡದ್ದು. ಅದು ಎರಡು ದೇಶಗಳ ಹೋಲಿಕೆಯಲ್ಲ, ಎರಡು ಸರಕುಗಳ ಹೋಲಿಕೆ. ಬಾಟಲಿಗೆ ಬಾಟಲಿ, ಕ್ಯಾನಿಗೆ ಕ್ಯಾನ್ ಎಂಬುದು ನಮ್ಮ ಮುರಿಯದ ನಿಯಮ.

ಹೊತ್ತು ತರುವವರಿಗೆ: ಶೇ. 24ಕ್ಕಿಂತ ಕಡಿಮೆ ಆಲ್ಕೊಹಾಲ್ ಇರುವ ಪಾನೀಯಕ್ಕೆ, ಚೆಕ್-ಇನ್ ಪೆಟ್ಟಿಗೆಯಲ್ಲಿಟ್ಟರೆ, ವಿಮಾನದ ಸುರಕ್ಷತಾ ನಿಯಮದಲ್ಲಿ ಪ್ರಮಾಣದ ಮಿತಿಯಿಲ್ಲ, ಅಡ್ಡಿ ಬರುವುದು ಸುಂಕದಲ್ಲಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ 16 ಲೀಟರ್ ಬಿಯರ್ ಸುಂಕವಿಲ್ಲದೆ ಒಯ್ಯಬಹುದು, ಬ್ರಿಟನ್ನಿಗೆ 42. ಒಡೆಯುವ ಭಯ ಬೇಡ; ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ಬಟ್ಟೆಗಳ ನಡುವೆ ಇಟ್ಟರೆ ಸಾಕು.

ಈಗ ನಮ್ಮ ಪೆಟ್ಟಿಗೆಯಲ್ಲಿ ಜಾಗ ಉಳಿಸಿಕೊಂಡಿರುವವು ಓರ್ವಾಲ್, ಗಟ್ಟಿ ಸ್ಟೌಟ್‌ಗಳು ಮತ್ತು ಪರೀಕ್ಷೆಗೆಂದು ಒಂದೆರಡು ಪೇಲ್ ಏಲ್. ಉಳಿದದ್ದನ್ನು ಆಯಾ ಊರಿನಲ್ಲೇ ಕುಡಿಯುತ್ತೇವೆ. ಇತ್ಯರ್ಥವಾಗದೆ ಉಳಿದಿರುವುದು ಗಿನ್ನೆಸ್ ಪ್ರಕರಣ: ನನಗೂ ಇನ್ನೊಬ್ಬನಿಗೂ ಡಬ್ಲಿನ್‌ನದು ಬೇಕು, ಮಿಕ್ಕಿಬ್ಬರಿಗೆ ನೈಜೀರಿಯಾದ್ದು. ಮುಂದಿನ ಸಲ ಜಮೈಕಾದ ಬಾಟಲಿಯನ್ನೂ ತರಿಸಬೇಕೆಂದು ಅವರು ಹಟ ಹಿಡಿದಿದ್ದಾರೆ.