ಕೆಂಪು ಗುರುತು ತೋರಿಸಿ ಮದರ್‌ಬೋರ್ಡ್ ಮಾರ್ತಾರೆ, ಹುಷಾರು

ಕಂಪ್ಯೂಟರ್ ಹ್ಯಾಂಗ್ ಆಗ್ತಿದೆ ಅಂತ ರಿಪೇರಿಗೆ ಕೊಟ್ಟಿದ್ದೀರಾ? ಅವರು ಸ್ಕ್ರೀನ್ ಮೇಲೆ ಒಂದು ಕೆಂಪು ಗುರುತು ತೋರಿಸಿ "ಬೋರ್ಡ್ ಹೋಗಿದೆ" ಅಂದರೆ ದಯವಿಟ್ಟು ಹೂಂ ಅನ್ನಬೇಡಿ. ಆ ಕೆಂಪು ಗುರುತಿಗೂ ಬೋರ್ಡಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ಅದನ್ನೇ ತೋರಿಸಿ ನನಗೆ ಮದರ್‌ಬೋರ್ಡ್ ಮಾರಿದರು. ಆಮೇಲೆ ಎಸ್‌ಎಸ್‌ಡಿ, ಅಂದರೆ ಫೈಲ್‌ಗಳೆಲ್ಲ ಕೂರೋ ಡಿಸ್ಕ್, ಅದನ್ನೂ ಮಾರಿದರು. ಮಧ್ಯದಲ್ಲಿ ನಮ್ಮ ಮನೆ ಕರೆಂಟಿಗೂ ಬೈದರು. ಹಾಳಾಗಿದ್ದದ್ದು ಒಂದು ಕೇಬಲ್. ಡಿಸ್ಕಿನಿಂದ ಬೋರ್ಡಿಗೆ ಹೋಗೋ ಸಾಟಾ ಡೇಟಾ ಕೇಬಲ್. ಇಡೀ ಕಂಪ್ಯೂಟರಿನಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಹುಡುಕಿದರೂ ಸಿಗಲಿಕ್ಕಿಲ್ಲ!

ತೊಂದರೆ ಇದ್ದದ್ದು ಹೀಗೆ. ಕೆಲಸ ಮಾಡ್ತಾ ಇದ್ದ ಹಾಗೇ ಎಲ್ಲ ನಿಂತುಬಿಡುತ್ತಿತ್ತು. ಮೌಸ್ ಬಾಣ ಓಡಾಡುತ್ತದೆ, ಆದರೆ ಏನು ಕ್ಲಿಕ್ ಮಾಡಿದರೂ ತೆರೆಯಲ್ಲ. ಸಿಪಿಯು ಮುಂದಿನ ಡಿಸ್ಕ್ ಲೈಟ್ ಮಿನುಗದೆ ಒಂದೇ ಸಮನೆ ಉರಿಯುತ್ತಿರುತ್ತದೆ. ಕೆಲವು ಸಲ ತಾನೇ ಸರಿಹೋಗುತ್ತಿತ್ತು, ಕೆಲವು ಸಲ ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕಿತ್ತು. ಇದನ್ನೆಲ್ಲ ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ. ಲೈಟಿನ ವಿಷಯವನ್ನೂ ಹೇಳಿದ್ದೆ. ಅವನು ಕೇಳಿಸಿಕೊಳ್ಳಲೇ ಇಲ್ಲ, "ಬಿಟ್ಟು ಹೋಗಿ ಸಾರ್, ನೋಡ್ತೀವಿ" ಅಂದ.

ಆಮೇಲೆ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ಈವೆಂಟ್ ವ್ಯೂವರ್ ತೆರೆದ. ಕಂಪ್ಯೂಟರಿನಲ್ಲಿ ಏನೇನಾಯಿತು ಅಂತ ವಿಂಡೋಸ್ ಬರೆದಿಡೋದನ್ನು ತೋರಿಸೋ ಜಾಗ ಅದು. ಸಾಲು ಸಾಲಾಗಿ ದಾಖಲೆಗಳು. ಸರ್ರನೆ ಕೆಳಗೆ ಸ್ಕ್ರೋಲ್ ಮಾಡಿ ಒಂದು ಕಡೆ ನಿಲ್ಲಿಸಿದ. ಕೆಂಪು ಗುರುತು. ಪಕ್ಕದಲ್ಲಿ ಕ್ರಿಟಿಕಲ್ ಅಂತ ಬರೆದಿದೆ. ಕರ್ನಲ್ ಪವರ್, 41. "ನೋಡಿ ಸಾರ್, ವಿಂಡೋಸೇ ಹೇಳ್ತಾ ಇದೆ. ಪವರ್ ಅಂತ ಇದೆ ನೋಡಿ. ಬೋರ್ಡ್‌ನಲ್ಲಿ ಪವರ್ ಸೆಕ್ಷನ್ ಹೋಗಿದೆ." ಅಂಥ ಗುರುತು ಒಂದಲ್ಲ, ಬೇಕಾದಷ್ಟಿದ್ದವು. ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ನಾನು ತಲೆ ಆಡಿಸಿದೆ. ಕಂಪ್ಯೂಟರೇ ಬರೆದಿಟ್ಟ ಸಾಕ್ಷಿ ಎದುರಿಗಿರುವಾಗ ಯಾರು ತಾನೆ ಆಡಿಸಲ್ಲ?

ಆ 41ರ ಅರ್ಥ ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು. ಕರೆಂಟ್ ಹೋದರೂ 41 ಬರುತ್ತದೆ. ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ 41 ಬರುತ್ತದೆ. ಅಂದರೆ ಹ್ಯಾಂಗ್ ಆದಾಗ ನಾನೇ ಬಟನ್ ಒತ್ತಿದ್ದಕ್ಕೆ ಬಿದ್ದ ಗುರುತುಗಳವು! ಯಾಕೆ ಹ್ಯಾಂಗ್ ಆಯಿತು ಅನ್ನೋದು ಅದರಲ್ಲಿ ಇಲ್ಲ. ದಿನವಿಡೀ ಇದೇ ಕೆಲಸ ಮಾಡೋ ಅವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ.

ಬೋರ್ಡ್ ಬದಲಾಯಿತು. ಮನೆಗೆ ತಂದರೆ ವಿಂಡೋಸ್ ಆಕ್ಟಿವೇಶನ್ ಹೋಗಿತ್ತು. ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಬೋರ್ಡ್ ಬದಲಿಸೋ ಮುಂಚೆ ಇದನ್ನು ಹೇಳಬೇಕಲ್ವಾ? ಫೋನ್ ಮಾಡಿದರೆ "ತಗೊಂಡ್ಬನ್ನಿ, ಕ್ರ್ಯಾಕ್ ಹಾಕಿ ಕೊಡ್ತೀವಿ" ಅಂದರು. ಕ್ರ್ಯಾಕ್ ಅಂದರೆ ಲೈಸೆನ್ಸ್ ಇಲ್ಲದೆ ವಿಂಡೋಸ್ ಓಡಿಸೋ ಕಳ್ಳದಾರಿ. ಅದಕ್ಕೆ ಆಂಟಿವೈರಸ್ ಆಫ್ ಮಾಡಬೇಕಂತೆ. ಬೇಡ ಸ್ವಾಮಿ ಅಂದೆ. ಹಳೇ ಬೋರ್ಡ್ ಕೊಡಿ ಅಂದರೆ "ಅದು ಅವತ್ತೇ ಸ್ಕ್ರ್ಯಾಪ್‌ಗೆ ಹೋಯ್ತಲ್ಲ ಸಾರ್."

ಹ್ಯಾಂಗ್ ಆಗೋದು ಮಾತ್ರ ನಿಲ್ಲಲಿಲ್ಲ. ಥೇಟ್ ಮೊದಲಿನ ಹಾಗೇ. ಮತ್ತೆ ಹೊತ್ತುಕೊಂಡು ಹೋದೆ. ಉತ್ತರಗಳನ್ನು ಕೇಳಿ. "ನಮ್ಮಲ್ಲಿ ರಾತ್ರಿಯೆಲ್ಲ ಓಡಿತು ಸಾರ್, ಒಂದ್ ಸಲಾನೂ ಹ್ಯಾಂಗ್ ಆಗಿಲ್ಲ." ಸುಮ್ನೆ ಆನ್ ಮಾಡಿ ಬಿಟ್ಟರೆ ಹೇಗೆ ಆಗುತ್ತದೆ, ಡಿಸ್ಕಿಗೆ ಕೆಲಸ ಕೊಡಬೇಕಲ್ಲ! "ನಿಮ್ಮ ಮನೆ ವೋಲ್ಟೇಜ್ ಸರಿ ಇಲ್ಲ." "ನೀವು ತುಂಬಾ ಟ್ಯಾಬ್ ತೆಗೀತೀರ." ಕೊನೆಗೆ, "ಬೋರ್ಡ್ ಹೋಗುವಾಗ ಎಸ್‌ಎಸ್‌ಡಿನೂ ಹೊಡ್ಕೊಂಡು ಹೋಗಿದೆ ಸಾರ್." ಹೊಸ ಎಸ್‌ಎಸ್‌ಡಿ ಅಂತ ಒಂದು ಹಾಕಿದರು. ಅದೂ ಹ್ಯಾಂಗ್.

ಸತ್ಯ ಗೊತ್ತಾದದ್ದು ಜೊತೆಯಲ್ಲಿ ಕೆಲಸ ಮಾಡೋ ಒಬ್ಬ ಹುಡುಗನಿಂದ. ಅವನೂ ತೆರೆದದ್ದು ಅದೇ ಈವೆಂಟ್ ವ್ಯೂವರ್. ಕೆಂಪು ಗುರುತಿನ ಹತ್ತಿರ ನಿಂತ, ಅದರ ಸಮಯ ನೋಡಿಕೊಂಡ, ಅದಕ್ಕೂ ಸ್ವಲ್ಪ ಹಿಂದೆ ಏನಾಗಿತ್ತು ಅಂತ ಕೆಳಗಿನ ಸಾಲುಗಳನ್ನು ಓದಿದ. ಅಲ್ಲಿ ಹಳದಿ ಗುರುತುಗಳು. ಸ್ಟೋರ್ ಎಎಚ್‌ಸಿಐ, 129. ಡಿಸ್ಕ್, 153. ಡಿಸ್ಕ್ ಉತ್ತರ ಕೊಡುತ್ತಿಲ್ಲ, ವಿಂಡೋಸ್ ಕಾದು ಕಾದು ರೀಸೆಟ್ ಮಾಡ್ತಿದೆ, ಮತ್ತೆ ಕೇಳ್ತಿದೆ ಅಂತ ಅರ್ಥ. ಹ್ಯಾಂಗ್ ಆದಾಗಲೆಲ್ಲ ಇವೇ. ಅಂಗಡಿಯವನು ಸರ್ರನೆ ಸ್ಕ್ರೋಲ್ ಮಾಡಿ ದಾಟಿಸಿದ್ದು ಇದನ್ನೇ. ಇದನ್ನೇ! ನನ್ನ ಕಣ್ಣೆದುರಿಗೇ ಹಾದುಹೋಗಿತ್ತು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿದ. ಡಿಸ್ಕಿನ ಆರೋಗ್ಯ ತೋರಿಸೋ ಪುಕ್ಕಟೆ ಸಾಫ್ಟ್‌ವೇರ್. ಸಿಆರ್‌ಸಿ ಎರರ್ ಅಂತ ಒಂದು ಸಾಲು ಇದೆ, ಸಿ7. ಡಿಸ್ಕಿಗೂ ಬೋರ್ಡಿಗೂ ಮಧ್ಯೆ ಡೇಟಾ ಕೆಟ್ಟು ಬಂದಾಗ ಆ ಸಂಖ್ಯೆ ಏರುತ್ತದೆ, ಹೆಚ್ಚಾಗಿ ಕೇಬಲ್ಲಿನ ದೋಷ. ಒಮ್ಮೆ ಏರಿದ್ದು ಇಳಿಯಲ್ಲ, ಆದ್ದರಿಂದ ಇನ್ನೂ ಏರ್ತಾ ಇದೆಯಾ ಅಂತ ನೋಡಬೇಕು. ನಮ್ಮದು ದೊಡ್ಡ ಫೈಲ್ ಕಾಪಿ ಮಾಡಿದಾಗಲೆಲ್ಲ ಏರುತ್ತಿತ್ತು. ಬೇರೆ ಕೇಬಲ್ ಹಾಕಿದ. ನಿಂತಿತು. ಅವತ್ತಿನಿಂದ ಒಂದು ಸಲವೂ ಹ್ಯಾಂಗ್ ಆಗಿಲ್ಲ.

ಅದೇ ವಿಂಡೋದಲ್ಲಿ ಮೇಲೆ ಇನ್ನೊಂದು ಸಂಖ್ಯೆ ಇತ್ತು, ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ. ನನ್ನ "ಹೊಸ" ಎಸ್‌ಎಸ್‌ಡಿ 14,000 ಗಂಟೆ ದಾಟಿತ್ತು. ಹಗಲೂ ರಾತ್ರಿ ಓಡಿಸಿದರೂ ವರ್ಷಕ್ಕೆ 8,760 ಗಂಟೆ. ಲೆಕ್ಕ ನೀವೇ ಹಾಕಿ.

ಫೋನ್ ಮಾಡಿ ಕೇಳಿದೆ. "ಸಾಫ್ಟ್‌ವೇರ್ ತಪ್ಪು ತೋರಿಸುತ್ತೆ ಸಾರ್." ಬೋರ್ಡ್ ಹೋಗಿದೆ ಅಂತ ಸಾಫ್ಟ್‌ವೇರ್ ತೋರಿಸಿದಾಗ ಅದು ದೇವರ ಮಾತು, ಈಗ ತಪ್ಪು. ಕೇಬಲ್ ಯಾಕೆ ನೋಡಲಿಲ್ಲ ಅಂದದ್ದಕ್ಕೆ "ನೀವು ಕೇಬಲ್ ಚೆಕ್ ಮಾಡಿ ಅಂತ ಹೇಳ್ಲಿಲ್ವಲ್ಲ" ಅಂದ.

ನಿಮ್ಮದೂ ಹ್ಯಾಂಗ್ ಆಗ್ತಿದ್ದರೆ ಅಂಗಡಿಗೆ ಹೋಗೋ ಮುಂಚೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಈವೆಂಟ್ ವ್ಯೂವರ್ ತೆಗೆಯಿರಿ, ಸಿಸ್ಟಮ್ ಲಾಗ್‌ನಲ್ಲಿ ಹ್ಯಾಂಗ್ ಆದ ಹೊತ್ತಿನ ಹಳದಿ ಸಾಲುಗಳ ಫೋಟೋ ಹೊಡೆದಿಟ್ಟುಕೊಳ್ಳಿ. ಮೌಸೂ ಅಲ್ಲಾಡದೆ, ಕ್ಯಾಪ್ಸ್ ಲಾಕ್ ಲೈಟೂ ಹತ್ತದೆ ಪೂರ್ತಿ ಸತ್ತ ಹಾಗಾದರೆ ಅದು ಬೇರೆ ಕಥೆ. ಆಗ ರ‍್ಯಾಮ್ ಒಂದೊಂದೇ ತೆಗೆದು ಹಾಕಿ ನೋಡಿ, ಶಾಖ ನೋಡಿ, ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡೋ ಡಬ್ಬ, ಎಸ್‌ಎಂಪಿಎಸ್, ಬೇರೆ ಹಾಕಿಸಿ ನೋಡಿ. ಕೊಡೋ ಮುಂಚೆ ಒಳಗಿನ ಪಾರ್ಟ್‌ಗಳ ಸೀರಿಯಲ್ ನಂಬರ್ ಫೋಟೋ ಇರಲಿ. ಬದಲಿಸಿದ ಹಳೇ ಪಾರ್ಟ್ ನಿಮ್ಮ ಕೈಗೆ ಬರಬೇಕು ಅಂತ ಮೊದಲೇ ಹೇಳಿ, ಬಿಲ್‌ನಲ್ಲಿ ಬರೆಸಿ. ಆಗಲ್ಲ ಅಂದರೆ ಸಿಪಿಯು ಎತ್ತಿಕೊಂಡು ಬಂದುಬಿಡಿ, ಅಲ್ಲಿ ಒಂದು ಸ್ಕ್ರೂ ಕೂಡ ಬಿಚ್ಚಿಸಬೇಡಿ.